ಬ್ರಹ್ಮರಾಕ್ಷಸ ಬೇಡ, ಪಿಶಾಚಿ ಇರಲಿ: ಒಂದು ಚೀಲ ದೆವ್ವದ ಪುಸ್ತಕಗಳ ಕಥೆ

ಮೊದಲೇ ಹೇಳಿಬಿಡುತ್ತೇನೆ, ಇದು ಒಂದೇ ಪುಸ್ತಕದ ವಿಮರ್ಶೆ ಅಲ್ಲ. ಎರಡು ತಿಂಗಳಲ್ಲಿ ತಂದ ಏಳು ಪುಸ್ತಕ, ಅವನ್ನು ಮಾರಿದ ಅಂಗಡಿ, ಪುಕ್ಕಟೆ ಸಿಕ್ಕ ಒಂದಿಷ್ಟು ಕಥೆ, ಎಲ್ಲಾ ಸೇರಿಸಿ ಬರೆಯುತ್ತಿದ್ದೇನೆ. ಏಳರಲ್ಲಿ ಮೂರು ಈಗ ಕಪಾಟಿನ ಮೇಲೆ ಧೂಳು ತಿನ್ನುತ್ತಿವೆ. ನಿಮ್ಮ ದುಡ್ಡಾದರೂ ಉಳಿಯಲಿ.

ಓದುವವನು ನಮ್ಮಕ್ಕನ ಮಗ. ಹನ್ನೊಂದು ವರ್ಷ, ಆರನೇ ಕ್ಲಾಸು. ಕ್ರಿಕೆಟ್ ಸ್ಕೋರ್ ಎಲ್ಲಾ ಬಾಯಿಪಾಠ, ಕೆಟ್ಟ ಟಾರ್ಚ್ ಬಿಚ್ಚಿ ಸರಿ ಮಾಡುತ್ತಾನೆ, ಕಥೆ ಹೇಳಲು ಕೂತರೆ ಮನೆಮಂದಿ ಊಟ ಮರೆಯಬೇಕು. ಓದು ಅಂದರೆ ಮಾತ್ರ ಒಂದು ಸಾಲಿಗೆ ಒಂದು ಲೋಟ ನೀರು ಕುಡಿಯುತ್ತಾನೆ. ಡಿಸ್ಲೆಕ್ಸಿಯಾ ಅಂತ ಗೊತ್ತಾಗಿ ಒಂದೂವರೆ ವರ್ಷ ಆಯಿತು. ಅದಕ್ಕೆ ಮುಂಚೆ ಸೋಮಾರಿ, ಲಕ್ಷ್ಯ ಇಲ್ಲ, ಮೊಬೈಲ್ ಜಾಸ್ತಿ, ಕನ್ನಡಕ ಹಾಕಿಸಿ, ಎಲ್ಲಾ ಕೇಳಿದ್ದಾಯಿತು. ಅದು ಕಣ್ಣಿನ ತೊಂದರೆ ಅಲ್ಲ, ಬುದ್ಧಿ ಕಡಿಮೆ ಅಂತಲೂ ಅಲ್ಲ. ಅಕ್ಷರಕ್ಕೂ ಅದರ ದನಿಗೂ ಗಂಟು ಹಾಕುವ ಕೆಲಸ ಅವನ ತಲೆಯಲ್ಲಿ ಬೇಗ ಆಗುವುದಿಲ್ಲ. ಬೆಳಗಾವಿಯಲ್ಲಿ ಇನ್ನೊಂದು ಫಜೀತಿ ಇದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ಹಿಂದಿ. ಮಗು ತಡವರಿಸಿದರೆ 'ಭಾಷೆ ಕಲಸಿಹೋಗಿದೆ, ದೊಡ್ಡವನಾದರೆ ಸರಿಹೋಗುತ್ತದೆ' ಅಂತ ಕೈತೊಳೆದುಕೊಳ್ಳುವುದು ಸುಲಭ. ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದವರು ಮಾಡಿದ 'ಡಾಲಿ' ಅನ್ನುವ ಡಿಸ್ಲೆಕ್ಸಿಯಾ ಪರೀಕ್ಷೆ ಕನ್ನಡದಲ್ಲೂ ಇದೆ, ಮರಾಠಿಯಲ್ಲೂ ಇದೆ, ಕೇಳಿ ನೋಡಿ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯಲ್ಲೂ ಈ ಕಲಿಕೆಯ ತೊಂದರೆ ಸೇರಿದೆ. ಇರಲಿ, ದೆವ್ವಕ್ಕೆ ಬರೋಣ.

ದೆವ್ವದ ಪುಸ್ತಕ ಬೇಕು ಅಂದವನು ಅವನೇ. ಹೋದ ವರ್ಷ ಅವನ ಶಾಲೆಯಲ್ಲಿ ಅಕ್ಟೋಬರ್ ಕೊನೆಗೆ ಹ್ಯಾಲೋವೀನ್ ಅಂತ ಮಾಡಿದರು. ಐರ್ಲೆಂಡ್ ಕಡೆಯ ಹಳೇ ಸುಗ್ಗಿ ಹಬ್ಬದಿಂದ ಬಂದದ್ದು ಅದು, ಈಗ ನಮ್ಮ ಕಡೆ ಕುಂಬಳಕಾಯಿಗೂ ಬಂದಿದೆ. ಒಬ್ಬೊಬ್ಬ ಹುಡುಗ ಎದ್ದು ನಿಂತು ಒಂದೊಂದು ಪುಟ ಓದಬೇಕು. ಇವನ ಕೈಗೆ ಕೊಟ್ಟದ್ದು ರಕ್ತ ಸೋರುವ ಹಾಗೆ ಬರೆದ ಅಕ್ಷರಗಳ ಪುಸ್ತಕ. ಎರಡನೇ ಪದಕ್ಕೇ ನಿಂತುಬಿಟ್ಟ. ಹಿಂದಿನ ಬೆಂಚು ನಕ್ಕಿತು. ಮನೆಗೆ ಬಂದು ಅವನು ಅತ್ತಿಲ್ಲ, ಸುಮ್ನೆ ಚಪ್ಪಲಿ ಬಿಟ್ಟು ನನ್ನನ್ನು ಕೇಳಿದ: 'ಮೌಶಿ, ದೆವ್ವದ ಕಥಿ ನನಗ ಭಾಳ ಸೇರ್ತಾವ. ನಾನ ಓದುವಂಥಾದ್ದು ಇಲ್ಲೇನು?'

ಈ ವರ್ಷ ನಾನು ಮುಂಚೆಯೇ ಸುರು ಮಾಡಿದೆ. ಹಾಗೆ ನೋಡಿದರೆ ದೆವ್ವಗಳ ಸೀಸನ್ನಿಗೆ ನಮಗೆ ಹ್ಯಾಲೋವೀನ್ ಬೇಕಿಲ್ಲ. ಗಣಪತಿ ಕಳಿಸಿದ ಮೇಲೆ ಜೋಕುಮಾರನ ಹುಣ್ಣಿಮೆ, ಅಲ್ಲಿಂದ ಪಕ್ಷದ ಹದಿನೈದು ದಿನ, ಮಹಾಲಯ ಅಮಾವಾಸ್ಯೆ, ಆಮೇಲೆ ದೀಪಾವಳಿ ಅಮಾವಾಸ್ಯೆ. ಇಷ್ಟರೊಳಗೆ ಬೆಳಗಾವಿಯ ಮಳೆ, ಕೈಕೊಡುವ ಕರೆಂಟು. ಇದಕ್ಕಿಂತ ಒಳ್ಳೆ ವಾತಾವರಣ ಬೇಕಾ?

ಅಂಗಡಿಯ ವಿಷಯ ಮೊದಲು. ಖಡೇಬಜಾರಿನಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿದೆ. ಹೆಸರು ಹಾಕುವುದಿಲ್ಲ, ಬೈಯುವುದೂ ಇದೆ. ಹೊಗಳಬೇಕಾದ್ದು ಅಲ್ಲಿನ ಕಾಕಾ ಅವರನ್ನು. 'ಏನ್ ಬೇಕ್ರಿ ಅಕ್ಕಾರ?' ಅಂದರು, ಹೇಳಿದೆ. ಡಿಸ್ಲೆಕ್ಸಿಯಾ ಅಂದಾಗ ಕೆಲವರು ಮುಖ ಒಂಥರಾ ಮಾಡುತ್ತಾರಲ್ಲ, ಅದು ಮಾಡಲಿಲ್ಲ. ಹುಡುಗನಿಗೆ ಸ್ಟೂಲ್ ಹಾಕಿದರು, ಬೇಕಾದ್ದು ತೆಗೆದು ನೋಡು ಅಂದರು. ಮುಕ್ಕಾಲು ಗಂಟೆ ಕೂತರೂ ಒಂದು ಮಾತಿಲ್ಲ. ಬೈಯಬೇಕಾದ್ದು ಎರಡು. ಮಕ್ಕಳ ಕನ್ನಡ ಪುಸ್ತಕ ಎಲ್ಲಾ ನೆಲದ ಹತ್ತಿರದ ಹಲಗೆಯಲ್ಲಿ, ಎಂಟ್ರೆನ್ಸ್ ಪರೀಕ್ಷೆ ಗೈಡುಗಳ ಹಿಂದೆ. ಬಗ್ಗಿ ಬಗ್ಗಿ ನನ್ನ ಸೊಂಟ ಹೋಯಿತು. ಇನ್ನೊಂದು, ತಗೊಂಡ ಪುಸ್ತಕ ವಾಪಸ್ ಇಲ್ಲ, ಬದಲಿಯೂ ಇಲ್ಲ. ಹೊರಗೆ ಮಳೆ ಅಂತ ನಾನು ಒಂದು ಪುಟ ಓದಿಸದೇ ಮೂರು ಪುಸ್ತಕ ಚೀಲಕ್ಕೆ ಹಾಕಿಸಿದ್ದೆ. ತಪ್ಪು ನನ್ನದೂ ಇದೆ.

ಆ ಮೂರು ಯಾವುವು ಅಂದರೆ:

ಒಂದು, ದಪ್ಪನೆಯ ದೆವ್ವದ ಕಥೆಗಳ ಸಂಗ್ರಹ. ಕಥೆಗಳು ಚೆನ್ನಾಗಿವೆ, ನಾನು ರಾತ್ರಿ ಹನ್ನೆರಡರವರೆಗೆ ಓದಿದೆ. ಆದರೆ ಸಾಲುಗಳು ಒಂದರ ಮೇಲೊಂದು ಬಿದ್ದಿವೆ. ಇದು ಕನ್ನಡದ್ದೇ ಸಮಸ್ಯೆ, ಇಂಗ್ಲಿಷ್ ಪುಸ್ತಕದವರು ಹೇಳುವುದಿಲ್ಲ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಜೋತುಬಿದ್ದಿರುತ್ತದೆ, ಮೇಲೆ ತಲೆಕಟ್ಟು, ಗುಡಿಸು ಇರುತ್ತದೆ. ಸಾಲಿನ ನಡುವೆ ಜಾಗ ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತದೆ. ಅವನು ಬೆರಳಿಟ್ಟು ಓದುತ್ತಾ ಒಂದು ಕಡೆ ನಿಂತ. 'ಮೌಶಿ, ಈ ಒತ್ತು ಯಾರದು?' ಅಂದ. ನೋಡಿದರೆ ನಿಜವಾಗಿಯೂ ನನಗೂ ಒಂದು ಕ್ಷಣ ತಿಳಿಯಲಿಲ್ಲ. ಜೊತೆಗೆ ಎರಡೂ ಅಂಚು ಸಮ ಮಾಡಲು ಪದಗಳ ನಡುವೆ ಎಲ್ಲೋ ಗೇಣಗಲ ಜಾಗ, ಎಲ್ಲೋ ಉಸಿರಾಡಲೂ ಜಾಗ ಇಲ್ಲ. ತೆಳು ಕಾಗದ ಬೇರೆ, ಹಿಂದಿನ ಪುಟದ ಅಕ್ಷರ ಇಣುಕುತ್ತವೆ. ಒಂದೂವರೆ ಪುಟಕ್ಕೆ ಮುಚ್ಚಿಟ್ಟ.

ಎರಡು, ದೊಡ್ಡ ಸೈಜಿನ, ಹೊಳೆಯುವ ಕಾಗದದ, ಚಿತ್ರ ತುಂಬಿದ ಪುಸ್ತಕ. ಅಂಗಡಿಯಲ್ಲಿ ಅವನೇ ಮೊದಲು ಕೈಹಾಕಿದ್ದು ಇದಕ್ಕೆ. ಕಪ್ಪು ಪುಟದ ಮೇಲೆ ಕೆಂಪು ಅಕ್ಷರ, ದೆವ್ವ ಮಾತಾಡುವಾಗ ಓರೆ ಅಕ್ಷರ, ಕಿರುಚುವಾಗ ಕುಣಿಯುವ ಅಕ್ಷರ. ದ ಮತ್ತು ಧ ನಡುವೆ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು, ಬ ಮತ್ತು ಭ ನಡುವೆಯೂ ಅಷ್ಟೇ. ಅಕ್ಷರದಿಂದ ರಕ್ತ ತೊಟ್ಟಿಕ್ಕಿಸಿದರೆ ಆ ಸೀಳು ಎಲ್ಲಿ ಉಳಿಯುತ್ತದೆ? ಪ, ಷ, ಫ ಮೂರೂ ಒಂದೇ ಥರ ಕಂಡವು ಅವನಿಗೆ. ಹೆದರಿಸಬೇಕಾದ್ದು ದೆವ್ವ, ಪುಟ ಅಲ್ಲ. ಇದನ್ನು ಆ ಪುಸ್ತಕ ಮಾಡಿದವರಿಗೆ ಯಾರಾದರೂ ಹೇಳಬೇಕು.

ಮೂರು, ದೊಡ್ಡ ಅಕ್ಷರ, ಸಣ್ಣ ವಾಕ್ಯ, ಪುಟಕ್ಕೆ ಎರಡೇ ಸಾಲು. ಎಲ್ಲಾ ಸರಿ. ಆದರೆ ದೆವ್ವ ಗುಂಡಗೆ, ಕೆನ್ನೆ ಕೆಂಪಗೆ, ಕೊನೆಗೆ ಬಂದು ಹಲ್ಲುಜ್ಜಲು ಹೇಳುತ್ತದೆ. ಹನ್ನೊಂದು ವರ್ಷದ ಹುಡುಗನಿಗೆ! ನನ್ನ ಮುಖ ನೋಡಿದ, ಪುಸ್ತಕ ತಂಗಿಗೆ ಕೊಟ್ಟ. ಇದು ಜಾಸ್ತಿ ಜನ ಮಾಡುವ ತಪ್ಪು. ಓದು ನಿಧಾನ ಅಂದರೆ ಮನಸ್ಸೂ ಸಣ್ಣದು ಅಂದುಕೊಳ್ಳುತ್ತೇವೆ. ಅವನಿಗೆ ಬೇಕಾದ್ದು ಹನ್ನೊಂದು ವರ್ಷದ ಹೆದರಿಕೆ, ಏಳು ವರ್ಷದ ವಾಕ್ಯ.

ಇದನ್ನು ಸರಿಯಾಗಿ ಹಿಡಿದಿರುವವರು ಸ್ಕಾಟ್ಲೆಂಡಿನ ಬ್ಯಾರಿಂಗ್ಟನ್ ಸ್ಟೋಕ್ ಪ್ರಕಾಶನದವರು. ಎಡಿನ್‌ಬರೋದಲ್ಲಿ 1998ರಲ್ಲಿ ಸುರುವಾದದ್ದು, ಓದಲು ಕಷ್ಟಪಡುವ ಮಕ್ಕಳಿಗೆಂದೇ. ಅವರ ಪುಸ್ತಕಗಳಲ್ಲಿ ಎರಡು ವಯಸ್ಸು ಲೆಕ್ಕ ಇರುತ್ತದೆ, ಕಥೆ ಎಷ್ಟು ವಯಸ್ಸಿನವರಿಗೆ ಹಿಡಿಸುತ್ತದೆ ಅನ್ನುವುದು ಒಂದು, ಓದಲು ಎಷ್ಟು ವಯಸ್ಸಿನ ಓದು ಸಾಕು ಅನ್ನುವುದು ಇನ್ನೊಂದು. ದೆವ್ವದ ಕಥೆಗಳೂ ಸಾಕಷ್ಟಿವೆ. ಎರಡು ತರಿಸಿದೆ, ಬರಲು ಮೂರು ವಾರ. ವಿದೇಶದ ಪುಸ್ತಕ, ನಾಲ್ಕು ಕನ್ನಡ ಪುಸ್ತಕ ಬರುವ ದುಡ್ಡಿಗೆ ಒಂದು ಬರುತ್ತದೆ, ಅದು ಗೊತ್ತಿರಲಿ. ಬಿಚ್ಚಿ ನೋಡಿದರೆ ಕಾಗದ ಬೆಳ್ಳಗಿಲ್ಲ, ಕೆನೆ ಬಣ್ಣ. ದಪ್ಪ ಇದೆ, ಹಿಂದಿನ ಪುಟ ಇಣುಕುವುದಿಲ್ಲ. ಅಧ್ಯಾಯ ಎರಡು ಮೂರು ಪುಟಕ್ಕೆ ಮುಗಿಯುತ್ತದೆ, ಪ್ರತಿ ಸಲ ಬಾಗಿಲು ಕಿರ್ ಅನ್ನುವ ಕಡೆಗೇ ನಿಲ್ಲಿಸಿರುತ್ತಾರೆ. ಇಡೀ ಪುಸ್ತಕ ತೆಳ್ಳಗೆ, ಆದರೆ ನೋಡಲು 'ಕಷ್ಟಪಡುವವರ ಪುಸ್ತಕ' ಅಂತ ಹಣೆಪಟ್ಟಿ ಕಾಣುವುದಿಲ್ಲ. ಶಾಲೆಗೆ ಒಯ್ದರೂ ಯಾರೂ ಕೇಳಲಿಲ್ಲ. ಮೊದಲನೇದನ್ನು ನಾಲ್ಕು ದಿನಕ್ಕೆ ಮುಗಿಸಿದ. ನಾಲ್ಕನೇ ರಾತ್ರಿ ಹಾಸಿಗೆ ಎತ್ತಿಕೊಂಡು ಆಯಿ (ಅವನ ಅಜ್ಜಿ) ಕೋಣೆಗೆ ಹೋದ, ಅಂದರೆ ಪುಸ್ತಕ ಕೆಲಸ ಮಾಡಿದೆ. ಎರಡೂ ಪುಸ್ತಕಕ್ಕೆ ಐದಕ್ಕೆ ಐದು.

ಫಾಂಟ್ ಬಗ್ಗೆ ಒಂದು ಮಾತು. ಡಿಸ್ಲೆಕ್ಸಿಯಾಗೆಂದೇ ಮಾಡಿದ ಓಪನ್‌ಡಿಸ್ಲೆಕ್ಸಿಕ್ ಅನ್ನುವ ಅಕ್ಷರ ಇದೆ, ಬುಡ ದಪ್ಪಗಿರುತ್ತದೆ, ಇಂಗ್ಲಿಷಿಗೆ ಮಾಡಿದ್ದು. ನಾನೂ ಹಾಕಿ ನೋಡಿದೆ, ಅವನಿಗೆ ಏನೂ ಫರಕು ಆಗಲಿಲ್ಲ. ಪರೀಕ್ಷೆ ಮಾಡಿ ನೋಡಿದವರಿಗೂ ಅದರಿಂದ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ. ಅಕ್ಷರಗಳ ನಡುವೆ ಜಾಗ ಬಿಟ್ಟರೆ ಮಾತ್ರ ಉಪಯೋಗ ಇದೆ ಅಂತ ಇಟಲಿ, ಫ್ರಾನ್ಸ್ ಮಕ್ಕಳ ಮೇಲೆ ಮಾಡಿದ 2012ರ ಅಧ್ಯಯನದಲ್ಲಿ ಬಂದಿದೆ. ಆದ್ದರಿಂದ ವಿಶೇಷ ಫಾಂಟ್ ಅಂತ ಜಾಸ್ತಿ ದುಡ್ಡು ಕೊಡಬೇಡಿ, ಜಾಗ ನೋಡಿ ಕೊಡಿ.

ಇನ್ನು ಕನ್ನಡಕ್ಕೆ ಬಂದರೆ ಇಂಥ ಪುಸ್ತಕ ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ಇದ್ದದ್ದರಲ್ಲೇ ಆರಿಸಬೇಕು. ಆರಿಸುತ್ತಾ ಆರಿಸುತ್ತಾ ಒಂದು ವಿಚಿತ್ರ ಗೊತ್ತಾಯಿತು. ನಮ್ಮ ದೆವ್ವದ ಕಥೆಗಳು ಕಷ್ಟ ಆಗುವುದು ದೆವ್ವದಿಂದ ಅಲ್ಲ, ದೆವ್ವದ ಹೆಸರಿನಿಂದ. ಬ್ರಹ್ಮರಾಕ್ಷಸ ಅಂತ ಬರೆದು ನೋಡಿ. ಐದು ಅಕ್ಷರ, ಅದರಲ್ಲಿ ಮೂರಕ್ಕೆ ಒತ್ತು, ಮೂರೂ ಬೇರೆ ಬೇರೆ ಜಾತಿಯ ಒತ್ತು. ರ, ಮ ಒತ್ತುಗಳಾದರೆ ಅವುಗಳ ರೂಪವೇ ಬದಲು. ಅಸ್ಥಿಪಂಜರ, ಶ್ಮಶಾನ, ಪ್ರೇತಾತ್ಮ, ಆಕ್ರಂದನ, ಎಲ್ಲಾ ಹಾಗೇ. ಅದೇ ಪಿಶಾಚಿ ನೋಡಿ, ಒಂದು ಒತ್ತಿಲ್ಲ. ಬೇತಾಳ, ಮೋಹಿನಿ, ಮಾಟಗಾತಿ, ಗೂಬೆ, ಬಾವಲಿ, ಹುಣಸೆ ಮರ, ಸುಡುಗಾಡು. ಎಲುಬು. ಎಷ್ಟು ಸಲೀಸು! ದೆವ್ವ, ಕತ್ತಲೆ, ಕೊಳ್ಳಿದೆವ್ವ, ಇವುಗಳಲ್ಲಿ ಒತ್ತಿದ್ದರೂ ಅದೇ ಅಕ್ಷರಕ್ಕೆ ಅದೇ ಒತ್ತು, ಅವನು ದಾಟಿಕೊಂಡು ಹೋಗುತ್ತಾನೆ. ಶ್ಮಶಾನದಲ್ಲಿ ಹೆದರದವನು ಸುಡುಗಾಡಿನಲ್ಲಿ ಹೆದರುತ್ತಾನೆ, ಯಾಕೆಂದರೆ ಅಲ್ಲಿಗೆ ತಲುಪುತ್ತಾನೆ. ಅಮಾವಾಸ್ಯೆ ಕೂಡ ನಮ್ಮ ಆಯಿ ಬಾಯಲ್ಲಿ 'ಅಮಾಸಿ', ಒತ್ತು ಖಲ್ಲಾಸ್.

ಅರ್ಕಾವೊತ್ತಿನ ಕಥೆ ಬೇರೆ. 'ಗರ್ಜನೆ' ಬಂದಲ್ಲೆಲ್ಲಾ ಅವನು 'ಗಜ್ರನೆ' ಅಂತ ಓದುತ್ತಿದ್ದ. ನಾನು ಎರಡು ಸಲ ತಿದ್ದಿ, ಮೂರನೇ ಸಲ ಸಿಟ್ಟಾದೆ. ಆಮೇಲೆ ಪುಸ್ತಕ ನೋಡಿದರೆ ಅವನದೇನು ತಪ್ಪು? 'ರ್' ದನಿ 'ಜ'ಗಿಂತ ಮೊದಲು ಬರಬೇಕು, ಆದರೆ ಆ ಕೊಕ್ಕೆ ಬರೆಯುವುದು ಜ ಆದ ಮೇಲೆ. ಕಂಡ ಹಾಗೆ ಓದಿದ್ದಾನೆ ಹುಡುಗ. ಆವತ್ತು ಅರ್ಧ ಕೇಜಿ ಕುಂದಾ ತಂದು ರಾಜಿ ಆದೆ.

ಈ ಲೆಕ್ಕದಲ್ಲಿ ನಾಲ್ಕನೇ ಪುಸ್ತಕ, ದೊಡ್ಡ ಅಕ್ಷರದ ಬೇತಾಳನ ಕಥೆಗಳು, ಅರ್ಧ ಗೆದ್ದಿತು. ಗೆಲ್ಲುವುದಕ್ಕೆ ಕಾರಣ ಬೇತಾಳನೇ. ಇಪ್ಪತ್ತೈದು ಕಥೆ, ಪ್ರತಿ ಸಲವೂ ಅದೇ ಮರ, ಅದೇ ಹೆಣ, ಅದೇ ಹೆಗಲು, ಅದೇ ಮೌನ. ಮೂರನೇ ಕಥೆಗೆ ಬರುವಷ್ಟರಲ್ಲಿ ಮೊದಲ ಎಂಟು ಸಾಲು ಅವನಿಗೆ ಬಾಯಿಗೆ ಬಂದಿತ್ತು, ಪುಟ ತಿರುಗಿಸಿದ ಕೂಡಲೇ ಸರಸರ ಓಡಿದ. ಅದು ಓದಲ್ಲ, ನೆನಪು ಅಂತ ನಮ್ಮಕ್ಕ ಅಂದಳು. ಆಗಲಿ ಬಿಡಿ, ಓಡುವುದು ಹೇಗಿರುತ್ತದೆ ಅಂತ ಅವನಿಗೆ ಒಂದು ಸಲವಾದರೂ ಗೊತ್ತಾಗಬೇಡವಾ? ಕಥೆ ಕೊನೆಗೆ ಒಗಟು ಬರುತ್ತದಲ್ಲ, ಅಲ್ಲಿ ಪುಸ್ತಕ ಮುಚ್ಚಿ ವಾದ ಮಾಡಬಹುದು, ಮಾತಿನಲ್ಲಿ ಅವನನ್ನು ಸೋಲಿಸಲು ಆಗುವುದಿಲ್ಲ. ಸೋತದ್ದು ಭಾಷೆಯಿಂದ. ಹೊರಟುಹೋಗಿಬಿಟ್ಟಿದ್ದನೆಂದು, ತಿಳಿಸಿಕೊಡಬೇಕಾಗುತ್ತದೆಂದು, ಇಂಥ ರೈಲುಗಾಡಿ ಪದಗಳು ಪುಟಕ್ಕೆ ನಾಲ್ಕು. ನಾನು ಪೆನ್ಸಿಲ್ಲಿನಿಂದ ಡಬ್ಬಿ ಡಬ್ಬಿ ಬಿಡಿಸಿ ಗೆರೆ ಹಾಕಿ ಕೊಟ್ಟೆ. ಐದಕ್ಕೆ ಮೂರು. ಪೆನ್ಸಿಲ್ ಇದ್ದರೆ ಮೂರೂವರೆ.

ಇನ್ನುಳಿದದ್ದು ಒಂದು ಕಾಮಿಕ್ಸು. ಚಿತ್ರ ಇದ್ದರೆ ಸುಲಭ ಅಂದುಕೊಂಡಿದ್ದೆ. ಇಂಗ್ಲಿಷ್ ಗುಳ್ಳೆಯಲ್ಲಿ ಕನ್ನಡ ತುರುಕಿದ್ದಾರೆ. ನಮ್ಮ ಮಾತು ಉದ್ದ, ಗುಳ್ಳೆ ಅಷ್ಟೇ, ಅಕ್ಷರ ಸಾಸಿವೆ ಕಾಳು. ಚಿತ್ರ ಮಾತ್ರ ನೋಡಿ ಕಥೆ ತಾನೇ ಕಟ್ಟಿ ಹೇಳಿದ, ಮೂಲಕ್ಕಿಂತ ಚೆನ್ನಾಗಿತ್ತು.

ಪುಕ್ಕಟೆ ಸಿಕ್ಕದ್ದು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್. 2015ರಿಂದ ಇದೆ. ಕಥೆಗಳನ್ನು ನಾಲ್ಕು ಹಂತ ಮಾಡಿ ಇಟ್ಟಿದ್ದಾರೆ, ಕನ್ನಡದಲ್ಲೂ ಸಾಕಷ್ಟಿವೆ. ಕೆಲವಕ್ಕೆ ದನಿ ಇದೆ, ಓದಿದ ಪದ ಬಣ್ಣ ಬದಲಿಸುತ್ತಾ ಹೋಗುತ್ತದೆ. ಇಳಿಸಿಕೊಂಡು ಮುದ್ರಿಸಬಹುದು, ತಿದ್ದಿ ಬೇರೆ ಹಂತಕ್ಕೆ ತರಲೂ ಬಿಡುತ್ತಾರೆ. ನಾನು ಕತ್ತಲೆ, ಕಾಡು, ಗೂಬೆ, ಹೆದರಿಕೆ ಇರುವ ಐದಾರು ಕಥೆ ಆರಿಸಿ ಕೆನೆ ಬಣ್ಣದ ಕಾಗದದ ಮೇಲೆ ಪ್ರಿಂಟ್ ಹಾಕಿಸಿದೆ. ನಿಜವಾದ ದೆವ್ವ ಕಡಿಮೆ, ಅದೊಂದು ಕೊರತೆ ಅನ್ನುವುದು ಅವನ ಅಭಿಪ್ರಾಯ.

ಓದುವ ರೀತಿಯೂ ಹೇಳಬೇಕು, ಏಕೆಂದರೆ ಒಳ್ಳೆ ಪುಸ್ತಕ ಕೊಟ್ಟು 'ಓದು' ಅಂತ ಬಿಟ್ಟರೆ ಆಗಲ್ಲ. ನಾವು ಪಾಲು ಮಾಡಿಕೊಂಡೆವು. ಕಥೆ ಹೇಳುವ ಭಾಗ ನನ್ನದು, ದೆವ್ವದ ಮಾತು ಅವನದು. ದೆವ್ವಗಳು ಜಾಸ್ತಿ ಮಾತಾಡುವುದಿಲ್ಲ, 'ಯಾರಲ್ಲಿ?' 'ನನ್ನ ಕೈ ಕೊಡು', ಅಷ್ಟೇ. ಅಷ್ಟನ್ನೇ ಅವನು ದನಿ ಬದಲಿಸಿ ಓದುವಾಗ ತಂಗಿ ಚಾದರದೊಳಗೆ ಹೋಗುತ್ತಾಳೆ. ಅಂಗಡಿಯಲ್ಲೇ ಪರೀಕ್ಷೆ ಮಾಡುವುದಾದರೆ ಮೊದಲ ಪುಟ ತೆಗೆಯಬೇಡಿ, ಅದು ಯಾವಾಗಲೂ ಚೆಂದ ಇರುತ್ತದೆ. ನಡುವಿನ ಪುಟ ತೆಗೆದು ಎರಡು ಸಾಲಿನ ನಡುವೆ ಕಣ್ಣಿಡಿ. ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗಿದರೆ ಅಲ್ಲೇ ಇಟ್ಟು ಬನ್ನಿ, ಕಥೆ ಎಷ್ಟೇ ಚೆನ್ನಾಗಿರಲಿ.

ಮೊದಲು ಅವನು ಪೂರ್ತಿ, ಒಂದೇ ಉಸಿರಿಗೆ ಓದಿದ ದೆವ್ವದ ಸಾಹಿತ್ಯ ಯಾವುದು ಗೊತ್ತಾ? 'ನಾಳೆ ಬಾ.' ಹಿಂದೆ ಹಳ್ಳಿ ಕಡೆ ಬಾಗಿಲ ಮೇಲೆ ಬರೆಯುತ್ತಿದ್ದರಲ್ಲ, ರಾತ್ರಿ ಬಂದು ಕದ ಬಡಿಯುವ ದೆವ್ವ ಓದಿಕೊಂಡು ವಾಪಸ್ ಹೋಗಲಿ ಅಂತ. ಎರಡು ಪದ, ಮೂರು ಅಕ್ಷರ, ಒತ್ತಿಲ್ಲ. ಆಯಿ ಹೇಳಿದ ಆ ಕಥೆ ಕೇಳಿ ಸೀಮೆಸುಣ್ಣದಿಂದ ಬಾಗಿಲಿಗೆ ಬರೆದ. 'ದೆವ್ವಕ್ಕ ಓದಾಕ ಬರ್ತಿತ್ತೇನು ಆಯಿ?' ಅಂದ. 'ನಿಧಾನಕ್ಕ ಓದ್ತಿತ್ತು, ಅದಕ್ಕ ದಿನಾ ಬರ್ತಿತ್ತು' ಅಂದಳು ಆಯಿ.

ಅಲ್ಲಿಂದಲೇ ಎಂಟನೇ ಪುಸ್ತಕ ಹುಟ್ಟಿತು. ಇದು ಅಂಗಡಿಯಲ್ಲಿ ಸಿಗಲ್ಲ. ಜೋಕುಮಾರನ ಕಥೆ, ಆಯಿ ಹೇಳಿದಂತೆ. ನೋಡಿ, ಜೋಕುಮಾರ, ಹೆಸರಲ್ಲೇ ಒತ್ತಿಲ್ಲ. ಏಳು ದಿನ ಬದುಕುವ ದೇವರು. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂತು ಮನೆ ಮನೆಗೆ ಬರುತ್ತಾನೆ, ಬಾಯಿಗೆ ಬೆಣ್ಣೆ. ಗಣಪ್ಪ ಉಂಡು ಹೋಗಿ ಮೇಲೆ ಎಲ್ಲಾ ಚೆನ್ನಾಗಿದೆ ಅನ್ನುತ್ತಾನೆ, ಇವನು ಹೋಗಿ ರೈತರ ನಿಜವಾದ ಕಷ್ಟ ಹೇಳಿ ಮಳೆ ತರುತ್ತಾನೆ. ಹುಣ್ಣಿಮೆ ರಾತ್ರಿ ಅವನ ಸಾವು. ಆ ರಾತ್ರಿ ಅವನು ಅಳುವುದು ಕೇಳಬಾರದು ಅಂತ ಆಯಿ ಚಿಕ್ಕವಳಿದ್ದಾಗ ಕಿವಿ ಮುಚ್ಚಿಕೊಂಡು ಮಲಗುತ್ತಿದ್ದಳಂತೆ. ಇದಕ್ಕಿಂತ ಹೆದರಿಕೆ ಬೇಕಾ ಕುಂಬಳಕಾಯಿಯಿಂದ?

ಹದಿನೆಂಟರ ಸೈಜಿನಲ್ಲಿ ಟೈಪ್ ಮಾಡಿದೆ, ಸಾಲಿನ ನಡುವೆ ಧಾರಾಳ ಜಾಗ, ಎಡಗಡೆ ಮಾತ್ರ ಸಮ, ಪುಟಕ್ಕೆ ಆರೇ ಸಾಲು. ಕಾಲೇಜು ರಸ್ತೆ ಕಡೆ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆನೆ ಬಣ್ಣದ ಕಾಗದ, ಸ್ಪೈರಲ್ ಬೈಂಡಿಂಗ್. ಒಟ್ಟು ಹನ್ನೆರಡು ಪುಟ. ಮಹಾಲಯ ಅಮಾವಾಸ್ಯೆ ರಾತ್ರಿ ಕರೆಂಟು ಹೋದಾಗ ಆಯಿ ಪಕ್ಕ ಕೂತು, ತಾನೇ ಸರಿ ಮಾಡಿದ ಟಾರ್ಚ್ ಹಿಡಿದು ಓದಿದ. ನಡುವೆ ಆಯಿ ಬಾಯಿ ಹಾಕಿದಳು, 'ಹಂಗಲ್ಲೋ, ಮೊದಲ ಅವರು ಹಾಡತಾರ.' 'ಆಯಿ, ಪುಸ್ತಕದಾಗ ಹಂಗ ಐತಿ' ಅಂತ ಬಾಯಿ ಮುಚ್ಚಿಸಿದ. ಮೂರನೇ ಪುಟಕ್ಕೆ ಬಂದು ನಿಂತ. ಮತ್ತೆ ಸಿಕ್ಕಿಹಾಕಿಕೊಂಡ ಅಂದುಕೊಂಡು ನಾನು ಬಗ್ಗಿದೆ. ಟಾರ್ಚನ್ನು ಆ ಸಾಲಿಗೆ ಹಿಡಿದು ನನ್ನ ಕಡೆ ತಿರುಗಿದ.

'ಮೌಶಿ, ಬುಟ್ಟಿಗೆ ಒತ್ತು ಬಿಟ್ಟೀದಿ. ಬುಟಿ ಅಂತ ಬರದೀ.'